ಮೂರು ವಾರ ನನಗೆ ಸೋತುಕೊಟ್ಟ ಸ್ಪೀಡ್ ಬ್ಯಾಗಿಗೆ

ಇವರಿಗೆ,
ಶ್ರೀಮಾನ್ ಸ್ಪೀಡ್ ಬ್ಯಾಗ್‌ರವರು,
ಮೊದಲನೇ ಮಹಡಿ, ಕಿಟಕಿ ಪಕ್ಕದ ಮೂಲೆ,
ಗರಡಿಯೋ ಜಿಮ್ಮೋ ಇನ್ನೂ ತೀರ್ಮಾನವಾಗದ ಕಟ್ಟಡ,
ಎಂ.ಸಿ.ಸಿ. 'ಬಿ' ಬ್ಲಾಕ್, ದಾವಣಗೆರೆ.

ವಿಷಯ: ತಾವು ಮೂರು ವಾರ ನನ್ನ ಮೊಣಕೈಗೆ ಸೋತಂತೆ ನಟಿಸಿ, ನಂತರ ತುಂಬಿದ ಸಭೆಯಲ್ಲಿ ನನ್ನ ಮೂಗಿಗೆ ಸತ್ಯ ತಿಳಿಸಿದ ಬಗ್ಗೆ.

ಮಾನ್ಯರೇ,

ಬಾಕ್ಸರುಗಳ ಗುದ್ದು ತಿನ್ನುತ್ತ ವರ್ಷವಿಡೀ ನೇತಾಡುತ್ತಿದ್ದರೂ ಎಂದೂ ಧೃತಿಗೆಡದ ತಮಗೆ, ನೆಲದ ಮೇಲೆ ಎರಡು ಕಾಲೂರಿ ನಿಂತಾಗಲೇ ಧೃತಿಗೆಡುವ ಪ್ರಥಮ ವರ್ಷದ ವಿದ್ಯಾರ್ಥಿಯೊಬ್ಬನ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ, ಏಕೆಂದರೆ ಬೆಳಗ್ಗೆ ಕ್ಲಾಸಿಗೆ ಹೋಗುವಾಗ ಕೆಳಗಿನ ದೋಸೆ ಹೋಟೆಲಿನ ಮುಂದೆ ನಿಂತು ಕಿಟಕಿಯಲ್ಲಿ ತಮ್ಮನ್ನು ನೋಡಿಕೊಂಡೇ ಬಂದಿದ್ದೇನೆ. ನನ್ನ ಮೂಗೂ ಕ್ಷೇಮ, ಊತ ಇಳಿಯುತ್ತಿದೆ. ಐದನೇ ತರಗತಿಯಿಂದ ವಸತಿ ಶಾಲೆಯಲ್ಲೇ ಬೆಳೆದ ನನಗೆ ಕನ್ನಡದಲ್ಲಿ ತಪ್ಪಿಲ್ಲದೆ ಬರೆಯಲು ಬರುವುದು ವಾರ್ಡನ್ನರಿಗೆ ಕೊಡುವ ರಜಾ ಅರ್ಜಿ ಒಂದೇ. ಆದ್ದರಿಂದ ಈ ದೂರು ನಡುನಡುವೆ ಜ್ವರದ ನಿಮಿತ್ತ ಎರಡು ದಿನ ರಜೆ ಕೇಳಿದಂತೆ ಕೇಳಿಸಿದರೆ ದಯವಿಟ್ಟು ಮಂಜೂರು ಮಾಡಬೇಕಾಗಿ ಕೋರುತ್ತೇನೆ.

ನಮ್ಮ ಪರಿಚಯ ಒಂದು ಸುಳ್ಳಿನಿಂದ ಆರಂಭವಾಯಿತು ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಮ್ಮ ಹಾಸ್ಟೆಲಿನಲ್ಲಿ ರ‍್ಯಾಗಿಂಗ್ ಸಂಪೂರ್ಣ ನಿಷೇಧವಾಗಿದ್ದು, ಆ ಬಗ್ಗೆ ಬೋರ್ಡ್ ಕೂಡ ಇದೆ. ಹಾಗಾಗಿ ಮೊದಲ ದಿನ ಮೂರನೇ ವರ್ಷದ ಯೋಗರಾಜಣ್ಣ, ಅದೇ ಬೋರ್ಡಿನ ಕೆಳಗೆ ಕುರ್ಚಿ ಹಾಕಿಕೊಂಡು, ಹೊಸಬರನ್ನೆಲ್ಲ ಸಾಲಾಗಿ ನಿಲ್ಲಿಸಿ, ಕೇವಲ 'ಪರಿಚಯ' ಮಾಡಿಕೊಂಡರು. "ಏನ್ ಬರ್ತೈತಪ್ಪ ನಿನಗೆ?" ಎಂದು ಒಬ್ಬೊಬ್ಬರನ್ನೂ ಕೇಳಿದರು. ನನ್ನ ಮುಂದಿದ್ದವನು ಹಾಡು ಅಂದ, ಹಾಡಿಸಿದರು. ಅವನ ಪಕ್ಕದವನು ಮಿಮಿಕ್ರಿ ಅಂದ, ಅರ್ಧ ಗಂಟೆ ಬಾಯ್ಲರ್ ಸದ್ದು ಮಾಡಿಸಿದರು. ನನಗೆ ಏನೂ ಬರುತ್ತಿರಲಿಲ್ಲ. ಹರಿಹರದಿಂದ ಬರುವಾಗ ಬಸ್ಸಿನಲ್ಲಿ ಥಾಯ್ಲೆಂಡಿನ ಬಾಕ್ಸಿಂಗ್ ಬಗ್ಗೆ ಒಂಬತ್ತು ನಿಮಿಷದ ಒಂದು ವಿಡಿಯೋ ನೋಡಿದ್ದೆ, ಅಷ್ಟೇ. "ಮುವಾಯ್ ಥಾಯ್ ಬರ್ತೈತ್ರಿ ಅಣ್ಣ. ಎಲ್ಬೋ ಸ್ಪೆಷಲಿಸ್ಟ್" ಎಂದು ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ, ಹೇಳಿಬಿಟ್ಟಿತು.

ಯೋಗರಾಜಣ್ಣ ನುಗ್ಗೆಕಾಯಿ ಗಂಟಿನಂಥ ನನ್ನ ಮೊಣಕೈಯನ್ನು ಬಹಳ ಹೊತ್ತು ನೋಡಿದರು. "ಹೌದಾ? ಮೊಣಕೈಲಿ ಹೊಡಿಯೋದಾ? ಹಂಗಾರೆ ನವೆಂಬರ್‌ನಾಗ ರಾಜ್ಯೋತ್ಸವಕ್ಕ ನಿಂದೇ ಒಂದು ಡೆಮೋ ಇಟ್ಟುಬಿಡಾಣ ಬಿಡು" ಎಂದು ನನ್ನ ಹೆಸರು ಬರೆದುಕೊಂಡರು. ಅಂದಿನಿಂದ ಯಾರೂ ನನ್ನನ್ನು ಹಾಡಿಸಲಿಲ್ಲ, ಕುಣಿಸಲಿಲ್ಲ. ಮೆಸ್ಸಿನ ಸಾಲಿನಲ್ಲಿ ಹುಡುಗರು "ಎಲ್ಬೋ ಬಂದ, ಜಾಗ ಬಿಡ್ರಲೇ" ಎನ್ನುತ್ತಿದ್ದರು. ಇದು ಬಯಲಾದರೆ ಉಳಿದ ನಾಲ್ಕು ವರ್ಷ ನಾನು ಯಾವ ಮುಖ ಇಟ್ಟುಕೊಂಡು ಆ ಸಾಲಿನಲ್ಲಿ ನಿಲ್ಲಬೇಕು ಎಂಬ ಟೆನ್ಷನ್ನಿನಲ್ಲೇ ನಾನು ತಮ್ಮ ಸನ್ನಿಧಿಗೆ ಬಂದದ್ದು.

ಆ ಜಿಮ್ಮು ನಡೆಸುವ ಇಜಾಜ್ ಉಸ್ತಾದರು ನನ್ನ ಕಥೆ ಪೂರ್ತಿ ಕೇಳಿದರು, ನಗಲಿಲ್ಲ. ಅವರ ಅಜ್ಜನ ಕಾಲದಲ್ಲಿ ಅದು ಕುಸ್ತಿ ಗರಡಿ. ಈಗಲೂ ಚಪ್ಪಲಿ ಹೊರಗೆ ಬಿಟ್ಟು, ಟ್ರೆಡ್‌ಮಿಲ್ಲಿಗೂ ಕೈ ಮುಗಿದೇ ಹತ್ತಬೇಕು. ಅವರು ನನ್ನನ್ನು, ಹಲಗೆಯಡಿ ನೇತಾಡುವ ತಮ್ಮ ಮುಂದೆ ನಿಲ್ಲಿಸಿದಾಗ, ಮೇಲೆ ತೊಟ್ಟು ಕೆಳಗೆ ಹೊಟ್ಟೆ ಇರುವ ತಮ್ಮನ್ನು ಒಂದು ಚರ್ಮದ ಬದನೆಕಾಯಿ ಎಂದು ಲಘುವಾಗಿ ಎಣಿಸಿದ್ದು ನನ್ನ ತಪ್ಪು. ಉಸ್ತಾದರು ತೋರಿಸಿದ ಪಾಠ ಕೇಳಲು ಬಹಳ ಸರಳವಾಗಿತ್ತು. ಬಲ ಮೊಣಕೈ, ಅದರ ಬೆನ್ನಿಗೇ ಬಲ ಮುಷ್ಟಿ, ಆಮೇಲೆ ಎಡ ಮೊಣಕೈ, ಎಡ ಮುಷ್ಟಿ. ನಾಲ್ಕಕ್ಕೆ ಒಂದು ಸುತ್ತು. ಪ್ರತಿ ಹೊಡೆತಕ್ಕೂ ತಾವು ಮೇಲಿನ ಹಲಗೆಗೆ ಹಿಂದೆ, ಮುಂದೆ, ಹಿಂದೆ ಎಂದು ಮೂರು ಸಲ ಬಡಿಯುತ್ತೀರಿ, ಆಮೇಲೆಯೇ ಮುಂದಿನ ಹೊಡೆತ. "ಗುದ್ದಬ್ಯಾಡ. ಟೇಬಲ್ ಒರೆಸಿದಂಗ ಒರೆಸು. ಅದನ್ನ ನೋಡಬ್ಯಾಡ, ಕೇಳು" ಎಂದರು ಉಸ್ತಾದರು. ನಾನು ನೋಡಿದೆ. ತಾವು ನನ್ನ ಹಣೆಗೆ ಬಂದಿರಿ.

ಮೊದಲ ಏಳು ವಾರಗಳಲ್ಲಿ ತಾವು ತೋರಿದ ಶಿಸ್ತನ್ನು ಎಷ್ಟು ಹೊಗಳಿದರೂ ಸಾಲದು. ಕಾಲೇಜಿನಲ್ಲಿ ಲೆಕ್ಚರರುಗಳು ತಡವಾಗಿ ಬರುವುದುಂಟು, ಹಾಸ್ಟೆಲಿನಲ್ಲಿ ಬಿಸಿನೀರು ಬಾರದೇ ಇರುವುದುಂಟು, ಆದರೆ ತಾವು ನನ್ನ ಮುಖಕ್ಕೆ ಬರುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಎಡಗಡೆಯಿಂದ ಕರೆದರೆ ಬಲಗಡೆಯಿಂದ ಬಂದಿರಿ. ಮೊಣಕೈ ಎತ್ತುವ ಮೊದಲೇ ಬಂದಿರಿ, ಇಳಿಸಿದ ಮೇಲೂ ಒಮ್ಮೆ ಬಂದು ವಿಚಾರಿಸಿಕೊಂಡು ಹೋದಿರಿ. ಮೊಣಕೈಯ ಚರ್ಮ ಸುಲಿದು, ಇಂಟರ್ನಲ್ಸ್ ದಿನ ಡೆಸ್ಕಿನ ಮೇಲೆ ಕೈ ಊರಲಾಗದೆ, ಗಾಳಿಯಲ್ಲೇ ಕೈ ತೇಲಿಸಿಕೊಂಡು ಪರೀಕ್ಷೆ ಬರೆದೆ. ಸೂಪರ್‌ವೈಸರ್ ಮೇಡಂ ನಾನು ಏನೋ ಬಚ್ಚಿಟ್ಟುಕೊಂಡಿದ್ದೇನೆಂದು ಎರಡು ಸಲ ತೋಳು ತಪಾಸಣೆ ಮಾಡಿದರು.

ಇಂಥ ಹೊತ್ತಿನಲ್ಲಿ ಆಯುಧಪೂಜೆ ಬಂತು. ಜಿಮ್ಮು ನೋಡಿಕೊಳ್ಳುವ ಗುಡ್ಡಪ್ಪಜ್ಜ ಬೆಳಗ್ಗೆಯಿಂದ ಎಲ್ಲ ಡಂಬೆಲ್ಲು ತೊಳೆದು, ವಿಭೂತಿ ಬಳಿದು, ಟ್ರೆಡ್‌ಮಿಲ್ಲಿಗೆ ಚೆಂಡುಹೂವಿನ ಮಾಲೆ ಹಾಕಿ, ಎಲ್ಲದಕ್ಕೂ ಒಂದೊಂದು ನಿಂಬೆಹಣ್ಣು-ಮೆಣಸಿನಕಾಯಿಯ ಸರ ಕಟ್ಟಿದರು. ತಮಗೂ ಕಟ್ಟಬೇಕಲ್ಲ. ದಾರಕ್ಕೆ ತಮ್ಮ ಮೈಮೇಲೆ ಹಿಡಿತ ಸಿಗಲಿಲ್ಲ. ಗುಡ್ಡಪ್ಪಜ್ಜ ಭಕ್ತಿಯಿಂದ ಅಂಗಿಯ ಗುಂಡಿಯ ಜಾಗದಲ್ಲಿದ್ದ ಪಿನ್ನು ಬಿಚ್ಚಿ, ತಮ್ಮ ಕೊರಳಿನ ಹತ್ತಿರ ಚುಚ್ಚಿ, ಸರವನ್ನು ಸಿಕ್ಕಿಸಿದರು. "ಇನ್ಮೇಲೆ ಈ ಹುಡುಗಗ ತ್ರಾಸ ಕೊಡಬ್ಯಾಡಪ್ಪ" ಎಂದು ನನ್ನ ಪರವಾಗಿ ತಮಗೆ ಕೈ ಮುಗಿದರು. ಎಲ್ಲರೂ ನೋಡಿದೆವು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಮರುದಿನ ಮೊದಲ ಹೊಡೆತಕ್ಕೇ ಸರ ಕಿತ್ತು ಮೆಣಸಿನಕಾಯಿ ನನ್ನ ಕಣ್ಣಿಗೆ ಬಡಿಯಿತಾದರೂ, ಪಿನ್ನು ತಮ್ಮ ಕೊರಳಲ್ಲೇ ಉಳಿಯಿತು.

ದಸರಾ ರಜೆ ಮುಗಿದ ಮೇಲೆ ನಮ್ಮ ಕ್ಲಾಸು ಬೆಳಗ್ಗೆ ಎಂಟಕ್ಕೇ ಆದದ್ದರಿಂದ ನಾನು ಬೆಳಗಿನ ಅಭ್ಯಾಸವನ್ನು ಸಂಜೆಗೆ ಬದಲಾಯಿಸಿಕೊಂಡೆ. ಸಂಜೆ ಉಸ್ತಾದರು ಹರಿಹರದ ಹುಡುಗರಿಗೆ ಹೇಳಿಕೊಡಲು ಹೋಗುತ್ತಾರೆ. ಇಲ್ಲಿ ನಾನು, ಗುಡ್ಡಪ್ಪಜ್ಜ ಮತ್ತು ಕೆಳಗಿನಿಂದ ಬರುವ ಬೆಣ್ಣೆಯ ವಾಸನೆ. ಆಗ ನಡೆಯಿತು ಪವಾಡ. ತಾವು ಮೆತ್ತಗಾದಿರಿ. ನಾನು ಮೊಣಕೈ ಕೊಟ್ಟರೆ, ಮನೆಗೆ ಬಂದ ಹೊಸ ಅಳಿಯನ ಹಾಗೆ ಸಾವಕಾಶ ಹೋಗಿ, ಸಾವಕಾಶ ಬಂದಿರಿ. ನಾಲ್ಕು ಬಂತು, ನಲವತ್ತು ಬಂತು. ಎರಡನೇ ವಾರ ನಾನು ಕನ್ನಡಿ ನೋಡಿಕೊಂಡು ಹೊಡೆಯಲು ಶುರು ಮಾಡಿದೆ. ಮೂರನೇ ವಾರ ನಡುನಡುವೆ ಕೂದಲು ಸರಿಮಾಡಿಕೊಂಡೆ. ಗುಡ್ಡಪ್ಪಜ್ಜ ಮುಕ್ಕುತ್ತಿದ್ದ ಮಂಡಕ್ಕಿ ಕೆಳಗಿಟ್ಟು, "ಏನ್ ಕೈ ಆತಪ ನಿಂದು. ನಿಂಬೆಹಣ್ಣು ಸುಮ್ನೆ ಅಲ್ಲ ನೋಡು" ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಆ ವಿನಯವನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ತಾವು ಅಷ್ಟು ಹೊತ್ತಿಗೆ ಒಂದು ಮಾತು ಹೇಳಬಹುದಿತ್ತು. ಪಿನ್ನು ಚುಚ್ಚಿದ ತೂತಿನಿಂದ ತಮ್ಮ ಗಾಳಿ ಇಷ್ಟಿಷ್ಟೇ ಸೋರುತ್ತಿತ್ತು. ಬೆಳಗ್ಗೆ ಗುಡ್ಡಪ್ಪಜ್ಜ ಪಂಪು ಹೊಡೆದು ತುಂಬಿದ್ದು ಸಂಜೆಯ ಹೊತ್ತಿಗೆ ಅರ್ಧವಾಗುತ್ತಿತ್ತು. ಬೆಳಗಿನ ಬ್ಯಾಚಿನವರಿಗೆ ತಾವು ಹುಲಿ, ಸಂಜೆ ನನಗೆ ತಾವು ದಿಂಬು. ನನ್ನನ್ನು ಸೋಲಿಸಿದ್ದಕ್ಕೆ ನಾನು ದೂರು ಕೊಡುತ್ತಿಲ್ಲ, ಮಾನ್ಯರೇ. ಹೇಳದೆ ಕೇಳದೆ ಗೆಲ್ಲಿಸಿದ್ದಕ್ಕೆ ಕೊಡುತ್ತಿದ್ದೇನೆ.

ಸಮಾರಂಭದ ದಿನ ತಮ್ಮನ್ನು ಹಲಗೆ, ಕಬ್ಬಿಣದ ಸ್ಟ್ಯಾಂಡ್ ಸಮೇತ ಲಗೇಜ್ ಆಟೋದಲ್ಲಿ ಮೆರವಣಿಗೆ ಮಾಡಿ ಕಾಲೇಜಿಗೆ ತಂದೆವು. ರಾಜ್ಯೋತ್ಸವವಾದ್ದರಿಂದ ವೇದಿಕೆಯಲ್ಲಿ ಇಂಗ್ಲಿಷ್ ಪದ ಆಡುವಂತಿರಲಿಲ್ಲ. ನಿರೂಪಕಿ ತಮ್ಮನ್ನು 'ವೇಗದ ಚೀಲ' ಎಂದು ಕರೆದಳು. ಕೊಕ್ಕನೂರಿನಿಂದ ಬಂದು ಎರಡನೇ ಸಾಲಿನಲ್ಲಿ ಕೂತಿದ್ದ ನನ್ನ ಅಜ್ಜಿ ಕೊಟ್ರವ್ವ, "ಚೀಲ ಎಲ್ಲೈತೆ, ನಮ್ಮ ಹುಡುಗ ಅದನ್ನ ಎತ್ತಬೇಕೇನು?" ಎಂದು ಪಕ್ಕದವರನ್ನು ಕೇಳಿದ್ದು ಮೈಕಿಲ್ಲದೆಯೇ ನನ್ನವರೆಗೆ ಬಂತು. ಇತ್ತ ಗುಡ್ಡಪ್ಪಜ್ಜ, ದೊಡ್ಡ ಸಭೆ ಎಂಬ ಗೌರವಕ್ಕೆ, ವೇದಿಕೆ ಹಿಂದೆಯೇ ತಮಗೆ ಮಾಮೂಲಿಗಿಂತ ಇಪ್ಪತ್ತು ಪಂಪು ಹೆಚ್ಚಿಗೆ ಹೊಡೆದಿದ್ದರು. ನಾನು ಕೂದಲು ಸರಿಮಾಡಿಕೊಂಡು ಬಲ ಮೊಣಕೈ ಕೊಟ್ಟೆ.

ಆಮೇಲಿನದು ತಮಗೇ ಗೊತ್ತು. ಮೊದಲನೆಯದು ಮೂಗಿಗೆ. ಏನೋ ತಪ್ಪಾಯಿತೆಂದು ಮತ್ತೆ ಕೊಟ್ಟೆ, ಎರಡನೆಯದೂ ಅಲ್ಲಿಗೇ. ಮೂರನೆಯದಕ್ಕೆ ಸಭೆ ಎಣಿಸಲು ಶುರುಮಾಡಿತು. ಅಜ್ಜಿ ಎದ್ದು ನಿಂತು, "ಜೀವ ಇಲ್ಲದ್ದು ಅದು, ನೀನ್ಯಾಕ ಅದರ ಕೂಡ ಜಗಳ ಮಾಡ್ತೀಯ, ಬಾ ಈಚೆ" ಎಂದಳು. ಕಣ್ಣಲ್ಲಿ ನೀರು ತುಂಬಿ ನನಗೆ ತಾವೂ ಕಾಣಲಿಲ್ಲ, ಸಭೆಯೂ ಕಾಣಲಿಲ್ಲ. ಪರದೆಯ ಪಕ್ಕದಿಂದ ಇಜಾಜ್ ಉಸ್ತಾದರ ದನಿ ಮಾತ್ರ ಕೇಳಿತು: "ಚಲೋ ಆತು. ಈಗ ನೋಡಾಕ ಆಗಂಗಿಲ್ಲಲ್ಲ, ಇನ್ನಾದರೂ ಕೇಳು." ಕೇಳಿದೆ. ಮೂರು ಬಡಿತ, ಮೊಣಕೈ. ಮೂರು ಬಡಿತ, ಮುಷ್ಟಿ. ನಾಲ್ಕು ಬಂತು. ಇನ್ನೊಂದು ಸುತ್ತು, ಎಂಟು. ಒಂಬತ್ತನೆಯದು ಮತ್ತೆ ಮೂಗಿಗೆ.

ಮೈಕ್ ಹಿಡಿದುಕೊಂಡೆ. "ನನಗೆ ಈ ವಿದ್ಯೆ ಬರಲ್ಲ. ಮೊದಲ ದಿನ ಹೆದರಿ ಸುಳ್ಳು ಹೇಳಿದ್ದೆ. ಇವತ್ತು ಎಂಟು ಬಂತು, ಅಷ್ಟೇ" ಎಂದು ಒಂದೂ ಇಂಗ್ಲಿಷ್ ಪದವಿಲ್ಲದೆ ಹೇಳಿ ಇಳಿದೆ. ಹದಿನೆಂಟು ವರ್ಷದಲ್ಲಿ ನಾನು ಆಡಿದ ಅತಿ ಶುದ್ಧ ಕನ್ನಡ ಅದು.

ಕೆಳಗೆ ಯೋಗರಾಜಣ್ಣ ಒದ್ದೆ ಕರ್ಚೀಫು ಹಿಡಿದು ಕಾಯುತ್ತಿದ್ದರು. "ಮೊದಲ್ನೇ ದಿನಾನೇ ಗೊತ್ತಿತ್ತಲೇ ನಮಗೆ. ಆ ಮೊಣಕೈ ನೋಡಿದ್ರ ಯಾರಿಗೆ ಗೊತ್ತಾಗಲ್ಲ? ಹೆಸರು ಬರ್ಕೊಂಡಿದ್ದೇ ನಿನ್ನ ರ‍್ಯಾಗಿಂಗು" ಎಂದರು. ಹಾಡಿದವನದು ಐದು ನಿಮಿಷಕ್ಕೆ ಮುಗಿದಿತ್ತು, ಬಾಯ್ಲರಿನವನದು ಅರ್ಧ ಗಂಟೆಗೆ. ನನ್ನದು ಹತ್ತು ವಾರ ನಡೆದಿತ್ತು, ಅದೂ ನಾನೇ ನಡೆದುಕೊಂಡು ಹೋಗಿ ಮಾಡಿಸಿಕೊಂಡದ್ದು. ಮೂಗು ಒರೆಸಿಕೊಳ್ಳುತ್ತ ನಿಂತಿದ್ದಾಗ ಅವರು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು: "ಸುಳ್ಳು ಹೇಳಿದೋರು ಭಾಳ ಮಂದಿ ಬಂದು ಹೋಗ್ಯಾರ. ಹೇಳಿದ ಸುಳ್ಳಿಗೆ ದಿನಾ ಪ್ರಾಕ್ಟೀಸ್ ಮಾಡಿದೋನು ನೀನೊಬ್ಬನೇ."

ಅಷ್ಟರಲ್ಲಿ ಅಜ್ಜಿ, ಮೊಮ್ಮಗನಿಗೆ ಹೊಡೆದದ್ದು ಯಾವುದು ಎಂದು ವಿಚಾರಿಸಲು ವೇದಿಕೆ ಹತ್ತಿ, ತಮ್ಮನ್ನು ಮಾರುಕಟ್ಟೆಯಲ್ಲಿ ಬದನೆಕಾಯಿ ನೋಡುವಂತೆ ತಿರುಗಿಸಿ ನೋಡುತ್ತಿದ್ದಳು. ಹೆಂಗಸರ ಕಣ್ಣಿಗೆ ಪಿನ್ನು ಬಿದ್ದರೆ ಬಿಡುವುದುಂಟೇ. "ಇಂಥಾ ಗಟ್ಟಿ ಪಿನ್ನು ಇಲ್ಲಿ ಯಾರು ಚುಚ್ಯಾರ?" ಎಂದು ಕಿತ್ತಳು. ತಾವು ಇಡೀ ಸಭೆಗೆ ಕೇಳುವಂತೆ ನಿಟ್ಟುಸಿರು ಬಿಟ್ಟಿರಿ. ಗುಡ್ಡಪ್ಪಜ್ಜ ಅಂಗಿಯ ಗುಂಡಿಯ ಜಾಗ ಮುಟ್ಟಿ ನೋಡಿಕೊಂಡರು.

ಮೇಲ್ಕಂಡ ಕಾರಣಗಳಿಂದ ತಮ್ಮಲ್ಲಿ ಕೋರುವುದೇನೆಂದರೆ, ಇನ್ನು ಮುಂದೆ ಸೋಲುವ ಇರಾದೆ ಇದ್ದರೆ ಒಂದು ದಿನ ಮೊದಲು ಲಿಖಿತವಾಗಿ ತಿಳಿಸಬೇಕು. ಮುಖಕ್ಕೆ ಬರುವುದಾದರೆ ಇಂಟರ್ನಲ್ಸ್ ಇಲ್ಲದ ವಾರ ನೋಡಿಕೊಂಡು ಬರಬೇಕು. ನನ್ನ ಎಡಗೈ ಬಡಪಾಯಿ, ಅದಕ್ಕೆ ಮೂರು ಬಡಿತದ ಬದಲು ನಾಲ್ಕು ಕೊಟ್ಟು ಕೃಪೆ ತೋರಬೇಕು. ಅದು ಸಾಧ್ಯವಿಲ್ಲವೆಂದು ತಾವು ಹಲಗೆಗೆ ಬಡಿದು ಹೇಳುವಿರೆಂದು ಬಲ್ಲೆ. ಹಾಗಾದರೆ ಒಂದೇ ಬೇಡಿಕೆ ಉಳಿಯಿತು. ತಮ್ಮ ತೂತಿಗೆ ನಿನ್ನೆ ಸೈಕಲ್ ಶಾಪಿನಲ್ಲಿ ಪ್ಯಾಚ್ ಹಾಕಿಸಲಾಗಿದೆ. ನಾನು ವಾರ್ಡನ್ನರಿಗೆ ರಜಾ ಅರ್ಜಿ ಕೊಟ್ಟಿಲ್ಲ. ಕ್ಲಾಸು ಎಂಟಕ್ಕೆ, ಜಿಮ್ಮು ಐದೂವರೆಗೇ ತೆರೆಯುತ್ತದೆ. ನಾಳೆ ಬೆಳಗ್ಗೆ ಪಂಪು ನಾನೇ ಹೊಡೆಯುತ್ತೇನೆ, ಪೂರ್ತಿ ತುಂಬುವವರೆಗೆ. ಒಂಬತ್ತನೆಯದು ಅಲ್ಲಿ ಇತ್ಯರ್ಥವಾಗಲಿ.

ಇಂತಿ ತಮ್ಮ ವಿಶ್ವಾಸಿ
(ಬಲ ಮೊಣಕೈ ಮಟ್ಟಿಗೆ ಮಾತ್ರ, ಎಡಗಡೆಯದು ಇನ್ನೂ ಸಹಿ ಹಾಕಿಲ್ಲ),
ಹಾಲಸ್ವಾಮಿ,
ಪ್ರಥಮ ವರ್ಷ, ಉರುಫ್ ಎಲ್ಬೋ. ಆ ಹೆಸರನ್ನು ಹಾಸ್ಟೆಲಿನವರು ವಾಪಸ್ ಪಡೆದಿಲ್ಲ.

ತಾಜಾ ಕಲಂ: ಅಜ್ಜಿ ಕಿತ್ತ ಪಿನ್ನನ್ನು ತನ್ನ ಬಳೆಗೆ ಸಿಕ್ಕಿಸಿಕೊಂಡು ಊರಿಗೆ ಒಯ್ಯುವವಳಿದ್ದಳು. ಬೇಡಿ ಇಸಿದುಕೊಂಡಿದ್ದೇನೆ. ತಾವು ನನ್ನ ಮುಖದ ಕಡೆ ಬರುವಾಗಲೆಲ್ಲ ಅದು ನನ್ನ ಜೇಬಿನಲ್ಲೇ ಇರುತ್ತದೆ ಎಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.