ನನ್ನ ಶೆಡ್ಡಿನ ಕಾರ್ಬುರೇಟರ್ ಗೊಂದಲಗಳು

"ಒಲಿ ಊದು ಹೆಂಗ್ಸ್ ಕಾರ್ಬುರೇಟರ್ ಊದೂದಾ? ಆತಿಲ್ಲ, ಆತಿಲ್ಲ!" ಎಂದವರು ನನ್ನ ಗಂಡನ ಅಣ್ಣ. ಅರವತ್ತರ ದಶಕದಲ್ಲಿ ಗಂಡ ತೀರಿಕೊಂಡಾಗ ಕುಂದಾಪುರದಲ್ಲಿ ನನಗೆ ಉಳಿದದ್ದು ಮೋಟಾರ್ ಸೈಕಲ್ ರಿಪೇರಿಯ ಒಂದು ಬಾಡಿಗೆ ಶೆಡ್ಡು, ಮತ್ತು ಅವರ ಪಕ್ಕ ಕೂತು ನೋಡಿ ಕಲಿತ ಕೆಲಸ. ಅಕ್ಷರ ಕಲಿತದ್ದೂ ಹಾಗೆಯೇ, ಬಿಡಿಭಾಗ ಸುತ್ತಿ ಬರುತ್ತಿದ್ದ ಹಳೇ ಪೇಪರ್ ಬಿಡಿಸಿ ಬಿಡಿಸಿ. ಶೆಡ್ಡಿನ ಒಡೆಯರು ಬ್ರಹ್ಮಾವರದವರು. "ಗಿರಾಕಿ ಒಬ್ರ್ ದೂರ್ ಹೇಳ್ರೂ ಬೀಗದ ಕೈ ವಾಪಾಸ್ ಕೊಡ್ಕ್" ಎಂದು ಎಚ್ಚರಿಸಿದ್ದರು.

ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಎಂಜಿನ್ನಿಗೆ ಕಳಿಸುವ ಅಂಗೈಯಗಲದ ಆ ಡಬ್ಬಿ ಬಿಚ್ಚಿದವರಿಗೆ ಗೊಂದಲ ಮುಗಿಯುವುದೇ ಇಲ್ಲ. ಎಲ್ಲ ಜೋಡಿಸಿದ ಮೇಲೆ ಒಂದು ತುಂಡು ಉಳಿದಿರುತ್ತದೆ, ಇಲ್ಲವೇ ಒಂದು ಕಡಿಮೆ ಬಿದ್ದಿರುತ್ತದೆ.

ಬಾಳೆಲೆ

ಬಿಚ್ಚಿದ ತುಂಡುಗಳ ಕ್ರಮ ತಪ್ಪಬಾರದೆಂದು ಬಾಳೆಲೆ ಹಾಸಿ ಊಟ ಬಡಿಸಿದಂತೆ ಇಡುತ್ತಿದ್ದೆ. ಉಪ್ಪಿನ ಜಾಗದಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟು, ಉಪ್ಪಿನಕಾಯಿ ಜಾಗದಲ್ಲಿ ಸೂಜಿ, ಅನ್ನದ ಜಾಗದಲ್ಲಿ ಫ್ಲೋಟು. ಒಂದು ದಿನ ಡಾಕ್ಟರರ ಗಾಡಿಯದ್ದನ್ನು ಹೀಗೆ ಬಡಿಸಿಟ್ಟು, ಕೈ ತೊಳೆದು ಬಂದರೆ ಎಲೆಯೇ ಇಲ್ಲ! ಬುತ್ತಿ ತಂದಿದ್ದ ಅತ್ತೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಎಲಿ ಎಲ್ಲಿ ಅತ್ತೆ?"

"ಎಂತ ಹೆಣ್ಣೇ ನೀನ್? ಉಂಡ್ ಎಲಿ ಹಾಂಗೇ ಬಿಟ್ಟ್ ಹೋಪ್ದಾ? ಮಡ್ಚಿ ದನಕ್ಕೆ ಹಾಕ್ದೆ."

ಓಡಿದೆ. ಪೆಟ್ರೋಲ್ ವಾಸನೆಗೆ ದನ ಮೂತಿ ತಿರುಗಿಸಿ ನಿಂತಿತ್ತು. ಎಲ್ಲ ತುಂಡೂ ಸಿಕ್ಕಿತು. ಹಿಂದೆಯೇ ಬಂದ ಅತ್ತೆ ಹೇಳಿದರು: "ಕಾಣ್, ನೀನ್ ಬಡ್ಸದ್ದ್ ದನವೂ ಮುಟ್ಟುದಿಲ್ಲ."

ಸದ್ದು

ಉಪ್ಪುಂದದ ಮೀನು ವ್ಯಾಪಾರಿಯೊಬ್ಬರ ಗಾಡಿ ದಾರಿಯುದ್ದಕ್ಕೂ ಪಟಾಕಿಯಂತೆ ಸಿಡಿಯುತ್ತಿತ್ತು. ಗಾಳಿಯ ಸ್ಕ್ರೂ ತಿರುಗಿಸಿ ಸದ್ದಡಗಿಸಿ ಕೊಟ್ಟೆ. ಮರುವಾರ ಅವರ ಹೆಂಡತಿ ಬಸ್ಸಿಳಿದು ಬಂದರು.

"ಹ್ವಾಯ್, ಆ ಗಾಡಿ ಮೊದ್ಲಿನಾಂಗೇ ಮಾಡಿ ಕೊಡಿ ಕಾಂಬ."

"ಎಂತಕ್ಕೆ? ಸರಿ ಇಲ್ಯಾ?"

"ಸರಿ ಇಪ್ಪುದೇ ತೊಂದ್ರಿ! ಮೊದ್ಲ್ ದೂರದಲ್ಲಿ ಸದ್ದ್ ಕೇಂಡ್ರೆ ನಾನ್ ಎದ್ದ್ ಮೀನ್ ಪಳ್ದಿ ಬಿಸಿಗಿಡ್ತಿದ್ದೆ. ಈಗ ಬಾಗ್ಲಲ್ಲಿ ಬಂದ್ ನಿಂತ್ರೂ ಗೊತ್ತಾತಿಲ್ಲ. ಮಧ್ಯಾಹ್ನ ನಿದ್ದಿಯೇ ಇಲ್ಲ ನಂಗೆ."

ಸರಿ ಇದ್ದರೆ ಹೆಂಡತಿಯ ದೂರು, ಕೆಡಿಸಿದರೆ ಗಂಡನ ದೂರು. ಎರಡರಲ್ಲೂ ಹೋಗುವುದು ನನ್ನ ಶೆಡ್ಡೇ. ಕೊನೆಗೆ ಗಂಡನನ್ನು ಕರೆದು, ಮನೆಯ ತಿರುವಿನಲ್ಲಿ ಜೋರಾಗಿ ಹಾರ್ನ್ ಹೊಡೆಯದಿದ್ದರೆ ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ ಎಂದೆ. ಪಾಪ, ಇಂದಿಗೂ ಹೊಡೆಯುತ್ತಾರೆ.

ಚಳಿ

ಕೊನೆಗೆ ದೂರು ಬಂದದ್ದು ಒಡೆಯರಿಂದಲೇ. ಪೆಟ್ರೋಲಿಗೆ ಮೋಟಾರ್ ಎಣ್ಣೆ ಬೆರೆಸಿ ಓಡಿಸುವ ಅವರ ಹೊಸ ಗಾಡಿ ಮಾಗಿ ಚಳಿಯ ಬೆಳಿಗ್ಗೆ ಎಷ್ಟು ಒದ್ದರೂ ಸ್ಟಾರ್ಟ್ ಆಗದು. ಲಾರಿಗೆ ಹೇರಿ ಬಿಸಿಲೇರಿದ ಮೇಲೆ ನನ್ನಲ್ಲಿಗೆ ತಂದರೆ ಒಂದೇ ಒದೆತಕ್ಕೆ ಸ್ಟಾರ್ಟ್! ಬಿಚ್ಚಿ ನೋಡಿದರೆ ಎಲ್ಲ ಸ್ವಚ್ಛ. ಮರುದಿನ ಮತ್ತೆ ಅದೇ ಕತೆ. ಅವರಿಗೆ ಭೂತದ ಅನುಮಾನ, ನನಗೆ ನನ್ನ ಮೇಲೇ ಅನುಮಾನ.

"ನಾಳೆಯೂ ಹೀಂಗೇ ಆದ್ರೆ ಬೀಗದ ಕೈ ತಕಂಡ್ ಬಾ" ಎಂದರು.

ಮೊದಲ ಬಸ್ಸಿಗೇ ಬ್ರಹ್ಮಾವರಕ್ಕೆ ಹೋಗಿ, ಬಿಸಿಲು ಬೀಳುವ ಮೊದಲೇ ಅವರ ಅಂಗಳದಲ್ಲಿ ಕಾರ್ಬುರೇಟರ್ ಬಿಚ್ಚಿದೆ. ಒಳಗೆ ಬೆಳ್ಳಗೆ, ಮೇಣದ ಹಾಗೆ ಏನೋ ಹೆಪ್ಪುಗಟ್ಟಿ ಜೆಟ್ಟಿನ ತೂತು ಮುಚ್ಚಿ ಕೂತಿದೆ. ಮೂಸಿದೆ. ತೆಂಗಿನೆಣ್ಣೆ!

"ಒಡೆಯ್ರೇ, ಪೆಟ್ರೋಲಿಗೆ ಮೋಟಾರ್ ಎಣ್ಣಿ ಬೆರ್ಸುದಿಲ್ಯಾ?"

"ಆ ಕರಿ ಎಣ್ಣಿ ಎಂತ ಕಲಬೆರಕೆಯೋ! ಮನಿಯಲ್ಲೇ ಗಾಣ ಇಪ್ಪ ಹೊತ್ತಿಗೆ ನಾನ್ ಶುದ್ಧದ್ದೇ ಹಾಕುದ್."

ಅಷ್ಟರಲ್ಲಿ ಬಿಸಿಲು ಬಂತು. ಮೇಣ ಕರಗಿ ನನ್ನ ಬೆರಳಿನಿಂದ ತೊಟ್ಟಿಕ್ಕಿತು. ಒಡೆಯರು ಅದನ್ನು ನೋಡಿದರು, ಸುತ್ತ ನೋಡಿದರು, ದನಿ ತಗ್ಗಿಸಿದರು: "ಇದ್ ಊರಲ್ಲಿ ಯಾರಿಗೂ ಗೊತ್ತಾಪುಕಾಗ. ಶೆಡ್ಡ್ ನಿಂಗೇ ಕ್ರಯಕ್ಕೆ ಕೊಡ್ತೆ."

ಈಗ ಆ ಶೆಡ್ಡೂ ಅದರಡಿಯ ನೆಲವೂ ನನ್ನ ಹೆಸರಿನಲ್ಲಿವೆ. ಅದಕ್ಕೆ ಕೊಟ್ಟದ್ದು ಎರಡು ಚಿನ್ನದ ಬಳೆ, ಮತ್ತು ಯಾರಿಗೂ ಹೇಳುವುದಿಲ್ಲ ಎಂಬ ಮಾತು. ಬಳೆ ಆಗಲೇ ಹೋದವು. ಮಾತು ಇವತ್ತು ಹೋಯಿತು.