ಬಾಲಗಾಂವದ ಹಾಡು, ನನ್ನ ಕಾಪಿರೈಟ್ ಓದು

ಕದಿಯಬಾರದು ಎಂಬುದನ್ನು ಕಲಿಯಲು ಹೊರಟವನ ಸುತ್ತಲೇ ಕದಿಯುವವರೆಲ್ಲ ಬಂದು ಸೇರುತ್ತಾರೆ. ನನ್ನ ಪಾಲಿಗಂತೂ ಇದು ಒಮ್ಮೆಯೂ ತಪ್ಪಲಿಲ್ಲ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಗಡಿಯಾಚೆ ಮರಾಠಿ ಸೀಮೆಯ ಜತ್ತದ ಕೋರ್ಟಿನಲ್ಲಿ ನಾನು ಕರಿಕೋಟು ಹಾಕಿಕೊಂಡು ಬೇವಿನ ಗಿಡದ ಕೆಳಗೆ ಕೂರುವ ಹೊಸ ವಕೀಲ. ಹೊಲದ ಬದುವಿನ ಜಗಳಗಳೆಲ್ಲ ಹಿರಿಯರ ಪಾಲಾಗಿದ್ದವು. ನನಗೆ ಉಳಿದದ್ದು ಗಿಡದ ನೆರಳು. ತಾಲೂಕಿನಲ್ಲಿ ಯಾರೂ ಓದದ್ದನ್ನು ಓದಿಬಿಡೋಣ, ಕಂಪ್ಯೂಟರ್ ಕಾಲ ಬಂದಿದೆ ಎಂದುಕೊಂಡು ಅಂಚೆಯ ಮೂಲಕ ಕಾಪಿರೈಟ್ ಕಾನೂನಿನ ಡಿಪ್ಲೊಮಾಕ್ಕೆ ಸೇರಿದೆ.

ಸಿಲಬಸ್‌ನಲ್ಲಿಲ್ಲದ ಪುಟ

ಅಂಚೆಯ ಓದಾದರೂ ರವಿವಾರಕ್ಕೊಮ್ಮೆ ಶಹರದಲ್ಲಿ ಕ್ಲಾಸು. ಪಠ್ಯಪುಸ್ತಕ ಎಲ್ಲೂ ಸಿಗುತ್ತಿರಲಿಲ್ಲ. ಪ್ರೊಫೆಸರು ತಮ್ಮ ಪ್ರತಿಯನ್ನೇ ಕೈಗಿಟ್ಟು, ಎಲ್ಲರೂ ಝೆರಾಕ್ಸ್ ಮಾಡಿಸಿಕೊಳ್ಳಿ ಎಂದು ಮರಾಠಿಯಲ್ಲಿ ಅಪ್ಪಣೆ ಕೊಟ್ಟರು. ತೆರೆದು ನೋಡಿದರೆ ಮೊದಲ ಪುಟದಲ್ಲೇ ದಪ್ಪ ಅಕ್ಷರ: ಅನುಮತಿಯಿಲ್ಲದೆ ಈ ಪುಸ್ತಕದ ಯಾವ ಭಾಗವನ್ನೂ ನಕಲು ಮಾಡಕೂಡದು.

ನಾನು ಎದ್ದು ನಿಂತು, "ಸರ್, ಇಲ್ಲಿ ಹೀಗೆ ಬರೆದಿದೆಯಲ್ಲ?" ಎಂದೆ.

ಅವರು ಕನ್ನಡಕ ಏರಿಸಿ ನೋಡಿ, "ಹೌದಲ್ಲ! ಆ ಪುಟ ಬಿಟ್ಟು ಮಾಡಿಸಿ. ಅದು ಸಿಲಬಸ್‌ನಲ್ಲಿಲ್ಲ" ಎಂದರು.

ಪ್ರಾಮಾಣಿಕತೆಯ ಪಾಠ

ಕಂಪ್ಯೂಟರೇ ಗೊತ್ತಿಲ್ಲದೆ ಕಂಪ್ಯೂಟರಿನ ಕಾನೂನು ಹೇಗೆ ಓದುವುದು? ಜತ್ತದಲ್ಲೇ ಒಂದು ಕಂಪ್ಯೂಟರ್ ಕ್ಲಾಸಿಗೆ ಹೋದೆ. ನಡೆಸುತ್ತಿದ್ದ ಭಾಯಿ ಬಹಳ ಶ್ರದ್ಧೆಯ ಮನುಷ್ಯ. ಪರದೆ ಹೊತ್ತಿಕೊಂಡದ್ದೇ ತಡ, ನಡುವೆ ಒಂದು ಡಬ್ಬಿ ಮೂಡಿ, ಈ ಸಾಫ್ಟ್‌ವೇರ್ ಅಸಲಿ ಅಲ್ಲ, ನೀವು ಮೋಸ ಹೋಗಿರಬಹುದು ಎಂದಿತು.

"ಭಾಯಿ, ಇದೇನ್ರಿ?"

"ಅದು ದಿನಾ ಬರತೈತ್ರಿ ವಕೀಲಸಾಬ್. ಖರೇ ಹೇಳೂ ಮಷೀನ್ ಐತಿ, ಹೇಳ್ಕೊಳ್ಲಿ ಬಿಡ್ರಿ. ನಾವು ಅದನ್ನ ಒತ್ತಿ ಮುಂದ ಹೋಗೂದು."

ಅಂಗಡಿಗೆ ಶರಣು

ಡಿಪ್ಲೊಮಾ ಮುಗಿಯಬೇಕಾದರೆ ನಿಜವಾದ ಒಂದು ತಂಟೆಯನ್ನು ಬಗೆಹರಿಸಿ ವರದಿ ಬರೆಯಬೇಕಿತ್ತು. ತಂಟೆ ತಾನಾಗಿಯೇ ನಡೆದುಕೊಂಡು ಬಂತು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು. ಬಾಲಗಾಂವದ ಡೊಳ್ಳಿನ ಮೇಳದ ಅಜ್ಜ, ಎಲ್ಲರ ಬಾಯಲ್ಲೂ ಮುತ್ಯಾ. ಕುರಿ ಕಾಯುತ್ತ ಪದ ಕಟ್ಟುವವನು.

ನಮ್ಮ ಕಡೆ ಡೊಳ್ಳಿನ ಪದಕ್ಕೆ ಒಂದು ಕಟ್ಟಳೆಯಿದೆ. ಹಾಡು ಯಾರಾದರೂ ಹಾಡಲಿ, ಕೊನೆಯ ಸಾಲಿನಲ್ಲಿ ಅದನ್ನು ಕಟ್ಟಿದ ಊರಿನ ಹೆಸರು ಬರಲೇಬೇಕು. ಉಮದಿಯ ಸಿಡಿ ಅಂಗಡಿಯವನು ಮುತ್ಯಾನ ಪದವನ್ನು ಬೇರೆ ಹುಡುಗರಿಂದ ಹಾಡಿಸಿ ಸಿಡಿ ಮಾಡಿದ್ದ. ಊರೂರಿಗೆ ಮಂದಿಯನ್ನು ತುಂಬಿಕೊಂಡು ಓಡುವ ವಡಾಪ್ ಜೀಪುಗಳಲ್ಲೆಲ್ಲ ಅದೇ ಮೊಳಗುತ್ತಿತ್ತು. ನಾನೂ ಕೇಳಿದ್ದೆ. ದೇವರನ್ನೆಲ್ಲ ನೆನೆದು, ಗುರುವಿಗೆ ನಮಿಸಿ, ಕೊನೆಯ ಸಾಲಿನಲ್ಲಿ ಬಾಲಗಾಂವ ಇರಬೇಕಾದಲ್ಲಿ ಉಮದಿ ಸ್ಟ್ಯಾಂಡ್ ಎದುರಿನ ಸಿಡಿ ಅಂಗಡಿಗೆ ಶರಣೆಂದು ಹಾಡು ಮುಗಿಯುತ್ತಿತ್ತು.

"ರೊಕ್ಕ ಬ್ಯಾಡ್ರಿ ವಕೀಲರ," ಎಂದ ಮುತ್ಯಾ. "ನಮ್ಮೂರ ಹೆಸರ ತಿರುಗಿ ಬರಬೇಕು. ನಾಳಿ ನಮ್ಮ ಹುಡುಗ್ರು ಅದನ್ನ ಹಾಡಿದ್ರ, ಅಂಗಡಿ ಹಾಡ ಕದ್ದಾರ ಅಂತಾರ ಮಂದಿ." ಹೇಳಿ, ಕಂಬಳಿ ಇಳಿಸಿ ನನ್ನ ಬೆಂಚಿನ ಮೇಲೆಯೇ ಕೂತ. ನನಗೆ ಅಯ್ಯೋ ಅನ್ನಿಸಿತು. ವರದಿಗೆ ವಿಷಯ ಸಿಕ್ಕಿತೆಂಬ ಸಂತೋಷವೂ ಅಷ್ಟೇ ಆಯಿತು ಅನ್ನಿ.

ಕಾಯಿದೆ ಗೆದ್ದಿತು

ನೋಟೀಸನ್ನು ಇಂಗ್ಲಿಷಿನಲ್ಲಿ ಬರೆದೆ. ಮರಾಠಿಯಲ್ಲಿ ಬರೆದರೆ ಜನ ಓದಿ ತಿಳಿದುಕೊಳ್ಳುತ್ತಾರೆ, ತಿಳಿದ ಮೇಲೆ ಹೆದರುವುದಿಲ್ಲ. 'ಬಾಲಗಾಂವದ ಮೇಳದ ಈ ಹಾಡು' ಎಂದು ಸಾಲುಸಾಲಿಗೂ ಹಾಕಿ, ನಕಲು ನಿಲ್ಲಿಸದಿದ್ದರೆ ಜೈಲು ಎಂದು ಮುಗಿಸಿ, ಕೆಳಗೆ ಅಂದವಾಗಿ ಸಹಿ ಮಾಡಿದೆ. ಅಂಗಡಿಯವನು ನಿಜಕ್ಕೂ ಹೆದರಿದ. ಆ ಸಿಡಿ ಮಾರುವುದನ್ನೇ ಬಿಟ್ಟ, ಜೀಪುಗಳಿಂದಲೂ ವಾಪಸು ತರಿಸಿದ.

ಹಾರ ತರುತ್ತಾನೆಂದು ನಾನು ಕಾದಿದ್ದರೆ ಮುತ್ಯಾ ಕೆಂಡವಾಗಿ ಬಂದ. "ಏನ ಮಾಡಿದ್ರಿ ಇದು? ಹೆಸರ ಹಾಕಸ್ರಿ ಅಂದ್ರ ಹಾಡೇ ಬಂದ್ ಮಾಡ್ಸಿದ್ರಿ! ಮದಲ ಊರಷ್ಟ ಹೋಗಿತ್ತು, ಈಗ ಪದಾನೂ ಹೋತು!"

ಉಮದಿಗೆ ಓಡಿದೆ. ಅಂಗಡಿಯವನು ಚಾ ತರಿಸಿದ. "ಕುಂದ್ರಿ ವಕೀಲರ. ನಾ ಈಗ ಕಾಯ್ದೇದ ಮನಶ್ಯಾ ಆಗೀನಿ. ಆ ಹಾಡ ಮುಟ್ಟಂಗಿಲ್ಲ ನೋಡ್ರಿ." ಅವನ ಬೆನ್ನ ಹಿಂದಿನ ಕಪಾಟಿನಲ್ಲಿ ಸಾಂಗಲಿಯ ಥಿಯೇಟರಿಗೇ ಇನ್ನೂ ಬಾರದ ಸಿನಿಮಾಗಳು ಸಾಲಾಗಿ ಕೂತಿದ್ದವು.

ಜತ್ತಕ್ಕೆ ಮರಳಿ ಎರಡನೆಯ ನೋಟೀಸು ಬರೆದೆ: ಸದರಿ ಹಾಡನ್ನು ಬಾಲಗಾಂವದ ಹೆಸರಿನೊಂದಿಗೆ ಕೂಡಲೇ ನಕಲು ಮಾಡಿ ಮಾರತಕ್ಕದ್ದು, ತಪ್ಪಿದಲ್ಲಿ ಕೋರ್ಟಿಗೆ ಎಳೆಯಲಾಗುವುದು. ನಕಲು ಮಾಡದಿದ್ದರೆ ಖಟ್ಲೆ ಹಾಕುತ್ತೇನೆಂದು ಹೆದರಿಸಿದ ವಕೀಲ ಈ ದೇಶದಲ್ಲಿ ನಾನೊಬ್ಬನೇ ಇರಬೇಕು. ಅವನು ಆ ಹಾಡನ್ನು ಮುಟ್ಟಲೇ ಇಲ್ಲ.

ಬಾಲಗಾಂವ ಐತೇನ್ರಿ?

ಕೊನೆಗೆ ನಾವೇ ಭಾಯಿಯ ಕ್ಲಾಸಿನಲ್ಲಿ, ಅದೇ ಖರೆ ಹೇಳುವ ಮಷೀನಿನ ಮುಂದೆ, ಇಡೀ ಮೇಳವನ್ನು ಕೂರಿಸಿ ಹಾಡು ರೆಕಾರ್ಡ್ ಮಾಡಿದೆವು. ಡೊಳ್ಳಿನ ಹೊಡೆತಕ್ಕೆ ಕಿಟಕಿಯ ಗಾಜು ಗಡಗಡ ಅಂದಿತು. ಮುತ್ಯಾ ಊರಿನ ಹೆಸರನ್ನು ಕೊನೆಯ ಸಾಲಿಗೆ ಬಿಡದೆ ಪ್ರತಿ ನುಡಿಯಲ್ಲೂ ತುರುಕಿದ. "ಈಗ ಯಾವನ್ ತಗೀತಾನ ತಗೀಲಿ," ಎಂದು ಮೀಸೆ ತೀಡಿದ. ಜೀಪುಗಳಲ್ಲಿ ಉಮದಿತನಕ ಬಾಲಗಾಂವ, ಬಾಲಗಾಂವ ಎಂದೇ ಕೇಳತೊಡಗಿತು. ತಂಟೆ ಬಗೆಹರಿಯಿತೆಂದು ವರದಿ ಬರೆದು, ಮುತ್ಯಾನಿಗೆ ಚಾ ಕೊಡಿಸಿ, ಲಕೋಟೆ ಅಂಟಿಸುತ್ತಿದ್ದೆ. ಅಷ್ಟರಲ್ಲಿ ರಿಜಿಸ್ಟರ್ ಪೋಸ್ಟು ಬಂತು. ಸಿಡಿ ಅಂಗಡಿಯವನ ನೋಟೀಸು, ನಮ್ಮಿಬ್ಬರ ಹೆಸರಿಗೆ! ಆ ಹಾಡು ತನ್ನದಂತೆ, ನಾವು ನಕಲು ಮಾಡಿದ್ದೇವಂತೆ, ನಿಲ್ಲಿಸದಿದ್ದರೆ ಜೈಲಂತೆ.

ಓದುತ್ತ ಹೋದಂತೆ ಗುರುತು ಸಿಕ್ಕಿತು. ಅದು ನನ್ನದೇ ಮೊದಲ ನೋಟೀಸು. ಅದೇ ವಾಕ್ಯ, ಅದೇ ಅಲ್ಪವಿರಾಮ. ಇಂಗ್ಲಿಷ್ ಓದುವ ಗೋಜಿಗೇ ಹೋಗದೆ, ಕಳಿಸುವವರ ಮತ್ತು ಪಡೆಯುವವರ ಹೆಸರಷ್ಟನ್ನು ಅದಲುಬದಲು ಮಾಡಿ ಟೈಪು ಹೊಡೆಸಿದ್ದರು. ಕೆಳಗೆ ಸಹಿ, ಬೇವಿನ ಗಿಡದ ಕೆಳಗೆ ನನ್ನದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುವ ವಕೀಲರದು.

ನನಗೆ ತಡೆಯಲಾರದ ಸಿಟ್ಟು ಬಂತು. "ಮುತ್ಯಾ, ಇದು ನಾ ಬರದದ್ದು! ಒಂದಕ್ಷರ ಬಿಡದ ಹೊಡದಾರ. ಕಡೀ ಸಾಲಿನ್ಯಾಗ ನನ್ನ ಹೆಸರ ತಗದು ತಮ್ಮ ಹೆಸರ ಹಾಕ್ಕೊಂಡಾರ!"

ಮುತ್ಯಾ ಬಸಿಗೆ ಸುರುವಿದ ಚಾವನ್ನು ಸಾವಕಾಶ ಊದಿದ.

"ಅದರಾಗ ಬಾಲಗಾಂವ ಐತೇನ್ರಿ?"

"ಐತಿ ಮುತ್ಯಾ. ಸಾಲಸಾಲಿಗೂ 'ಬಾಲಗಾಂವದ ಮೇಳದ ಈ ಹಾಡು' ಅಂತ ಐತಿ."

"ಸಹೀನೂ ಮಾಡ್ಯಾರ?"

"ಮಾಡ್ಯಾರ."

"ಹಂಗಾರ ಬಿಡ್ರಿ," ಎಂದು ಮುತ್ಯಾ ಚಾ ಸೊರ್ ಎಂದು ಹೀರಿದ. "ನಿಮಗಿಂತ ಚಲೋ ಬರದಾರ."