ಹತ್ತು-ಹನ್ನೊಂದರ ಸ್ಪ್ಯಾನರ್

ಆಯುಧಪೂಜೆ ಇನ್ನೇನು ಬಂತು ಅನ್ನುವಾಗ ಚಾಮರಾಜಪೇಟೆಯ ಬದರೀನಾರಾಯಣ ತನ್ನ ಮಾವನವರ ಹಳೇ ಫಿಯೆಟ್ ಕಾರನ್ನು ರಸ್ತೆ ಮಧ್ಯದ ಒಂದು ದಪ್ಪ ಕಲ್ಲಿನ ಮೇಲೆ ಹತ್ತಿಸಿಬಿಟ್ಟ. ಅಡಿಯಲ್ಲಿ ಠಣ್ ಎಂದಿತು. ಇಂಜಿನ್ನಿನ ಕೆಳಗೆ ಆಯಿಲ್ ತುಂಬಿಕೊಂಡಿರುವ ತಗಡಿನ ತಟ್ಟೆ ಇರುತ್ತದಲ್ಲ, ಮೆಕ್ಯಾನಿಕ್ಕುಗಳು ಚೇಂಬರ್ ಎನ್ನುತ್ತಾರೆ, ಅದು ಸೀಳಿಹೋಯಿತು.

ಸೀಳಲು ಬೇರೆ ದಿನವೇ ಸಿಗಲಿಲ್ಲವೇ ಅದಕ್ಕೆ? ಮಾವ ಗಂಗಾಧರಯ್ಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಅಳಿಯಂದಿರಿಬ್ಬರಿಗೂ ಮದುವೆಯಲ್ಲಿ ಉಂಗುರದ ಜೊತೆ ಒಂದೊಂದು ಸ್ಪ್ಯಾನರ್ ಸೆಟ್ ಕೊಟ್ಟಿದ್ದರು. ಹಬ್ಬದ ಸಂಜೆ ತಾವೇ ಬಂದು ಕಾರಿಗೆ ಪೂಜೆ ಮಾಡುವುದು, ಅದನ್ನು ಚೆನ್ನಾಗಿ ಇಟ್ಟುಕೊಂಡಿದ್ದರೆ ಬದರಿಗೇ ಬಿಟ್ಟುಕೊಡುವುದು, ಇಲ್ಲದಿದ್ದರೆ ಮಲ್ಲೇಶ್ವರದ ಕಿರಿಯ ಅಳಿಯ ಸಂಕರ್ಷಣನಿಗೆ ಕೊಡುವುದು ಎಂದು ಹೇಳಿ ಕಳಿಸಿದ್ದರು. ಸಂಕರ್ಷಣ ಆ ಕಾರಿನಲ್ಲಿ ಕೂತು ಹಾರನ್ ಹೊಡೆಯುವುದನ್ನು ನೆನೆದರೇ ಬದರಿಗೆ ಅನ್ನ ಸೇರುತ್ತಿರಲಿಲ್ಲ.

ಗ್ಯಾರೇಜಿನ ಕಾಳಪ್ಪ ಹೊಸ ಚೇಂಬರ್ ತರಿಸಿಕೊಟ್ಟ. "ಹಬ್ಬಕ್ಕೆ ಊರಿಗೆ ಹೊರಟೆ ಸಾರ್. ಸುತ್ತ ಬೋಲ್ಟ್ ಬಿಚ್ಚಿ, ಇದನ್ನ ಕೂರ್ಸಿ ಟೈಟ್ ಮಾಡೋದು ಅಷ್ಟೇ. ಹತ್ತು-ಹನ್ನೊಂದರ ಸ್ಪ್ಯಾನರ್ ಒಂದಿದ್ರೆ ಸಾಕು" ಎಂದು ಬಸ್ಸು ಹತ್ತಿದ.

ಹಬ್ಬದ ಬೆಳಿಗ್ಗೆ ಬದರಿ ಜಾಕ್ ಹಾಕಿ ಕಾರನ್ನು ಎತ್ತಿ ನಿಲ್ಲಿಸಿ ಅಡಿಗೆ ನುಸುಳಿದ. ಬೋಲ್ಟು ಬಿಚ್ಚಿದ. ಹಳೇ ಚೇಂಬರ್ ಕಳಚುವಾಗ ಅದರಲ್ಲಿ ಉಳಿದಿದ್ದ ಕರೀ ಆಯಿಲ್ಲು ಕಿವಿ, ಮೂಗು, ತಲೆಯ ಮೇಲೆಲ್ಲ ಸುರಿಯಿತು. ಎದುರುಮನೆಯ ಮುನಿಲಕ್ಷ್ಮಮ್ಮ ಜಗಲಿಯಿಂದಲೇ, "ಎಣ್ಣೆ ನೀರು ದೀಪಾವಳಿಗಲ್ವಾ ಸ್ವಾಮಿ?" ಎಂದಳು. ಬದರಿ ಹಲ್ಲು ಕಚ್ಚಿಕೊಂಡು ಬಚ್ಚಲಿಗೆ ಓಡಿ, ಸೀಗೆಪುಡಿ ಹಾಕಿ ಉಜ್ಜಿ ಉಜ್ಜಿ ಸ್ನಾನ ಮಾಡಿದ.

ಬಂದು ನೋಡಿದರೆ ಸ್ಪ್ಯಾನರುಗಳೇ ಇಲ್ಲ. ದೇವರ ಮನೆಯಲ್ಲಿ ಅವೆಲ್ಲ ಹುಣಸೇಹಣ್ಣು ಹಾಕಿ ಬೆಳಗಿಸಿಕೊಂಡು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಸೇವಂತಿಗೆ ಹೊದ್ದು ಮಲಗಿದ್ದವು.

"ಕೆಲಸ ಇನ್ನೂ ಮುಗ್ದಿಲ್ಲ ಕಣೇ."

"ಸ್ನಾನ ಮಾಡಿದ್ರಲ್ಲ, ಮುಗೀತು ಅಂದ್ಕೊಂಡೆ" ಎಂದಳು ಹೆಂಡತಿ ಕೋಕಿಲಾ. "ಮಂಗಳಾರತಿ ಆಗೋಯ್ತುರೀ. ನಾಳೆ ಮರುಪೂಜೆ ಆಗೋವರ್ಗೂ ಮುಟ್ಟೋ ಹಾಗಿಲ್ಲ. ನೀವು ಮುಟ್ಟಿದ್ರಿ ಅಂತ ಅಪ್ಪಂಗೆ ಗೊತ್ತಾದ್ರೆ ಕಾರಿರ್ಲಿ, ನಮ್ಮನೆ ಹೊಸಲೇ ತುಳಿಯಲ್ಲ."

ಬದರಿ ಬೀದಿಯೆಲ್ಲ ಅಲೆದ. ಸೈಕಲ್ ಷಾಪಿನ ಶೀನಣ್ಣನ ಸ್ಪ್ಯಾನರಿಗೂ ಕುಂಕುಮ, ಕೊನೇ ಮನೆಯ ಇಕ್ಕಳಕ್ಕೂ ಕುಂಕುಮ. ಇಂಜಿನ್ ಹೊಟ್ಟೆ ಬಿಚ್ಚಿಕೊಂಡು ಬೀದಿಯಲ್ಲಿ ನಿಂತಿದೆ, ಮಾವ ಯಾವಾಗ ಬೇಕಾದರೂ ಬರಬಹುದು. ಅವನಿಗೆ ಅಳು ಬರುವ ಹಾಗಾಯಿತು.

ಮುನಿಲಕ್ಷ್ಮಮ್ಮನಿಗೆ ಕನಿಕರ ಬಂತು. "ತಪ್ಪಾಯ್ತು ಅಂತ ದೇವ್ರಿಗೆ ಕೆನ್ನೆ ಬಡ್ಕೊಂಡು ಒಂದು ಎತ್ಕೊಂಬನ್ನಿ. ಆ ಜಾಗದಲ್ಲಿ ಇನ್ನೇನಾದ್ರೂ ಇಟ್ಟು ಹೂವು ಮುಚ್ಬಿಡಿ. ಯಾರು ನೋಡ್ತಾರೆ?"

ಕೋಕಿಲಾ ಒಬ್ಬಟ್ಟು ತಟ್ಟುತ್ತಿದ್ದಾಗ ಬದರಿ ಹತ್ತು-ಹನ್ನೊಂದರ ಸ್ಪ್ಯಾನರ್ ಎಗರಿಸಿದ. ಆ ಜಾಗಕ್ಕೆ ಉಪ್ಪಿನಕಾಯಿಯ ಸೌಟು ಇಟ್ಟ. ಕುಂಕುಮ ಹಚ್ಚಿದ, ಹೂವು ಮುಚ್ಚಿದ, ಕೆನ್ನೆ ಬಡಿದುಕೊಂಡ. ಹೊಸ ಚೇಂಬರ್ ಹೊಳೆಯಬಾರದೆಂದು ಹಳೇ ಆಯಿಲ್ಲು, ಮಣ್ಣು ಮೆತ್ತಿ ಕೂರಿಸಿದ. ಕೊನೆಯ ಬೋಲ್ಟು ಬಿಗಿಮಾಡಿ, ಆಯಿಲ್ ಹುಯ್ದು, ಜಾಕ್ ಇಳಿಸುವುದಕ್ಕೂ ಆಟೋ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಸಂಜೆಗೆ ಬರಬೇಕಾದ ಮಾವ ಊಟದ ಹೊತ್ತಿಗೇ ಬಂದಿದ್ದರು.

ಬದರಿ ಸ್ಪ್ಯಾನರನ್ನು ಪಂಚೆಯ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಅಂಗಿ ಎಳೆದುಕೊಂಡು ಮಾವನ ಕಾಲಿಗೆ ಬಗ್ಗಿದ. ಸ್ಪ್ಯಾನರ್ ಹೊಟ್ಟೆಗೆ ಚುಚ್ಚಿತು. ಆಶೀರ್ವಾದ ಮುಗಿಯುವವರೆಗೂ ಉಸಿರು ಬಿಗಿಹಿಡಿದ.

"ಏನಳಿಯಂದ್ರೇ, ಕೈಯೆಲ್ಲ ಕಪ್ಪು?"

"ಕಾರು ತೊಳೀತಿದ್ರು" ಎಂದಳು ಮುನಿಲಕ್ಷ್ಮಮ್ಮ, ಕೇಳದಿದ್ದರೂ.

ಗಂಗಾಧರಯ್ಯ ಕಾರಿನಡಿಗೆ ಬಿಳೀ ಹಾಳೆ ಹಾಸಿ ಇಂಜಿನ್ ಚಾಲೂ ಮಾಡಿದರು. ಬದರಿ ಹಾಳೆಯಿಂದ ಕಣ್ಣು ಕೀಳಲಿಲ್ಲ. ಬಹಳ ಹೊತ್ತಾದರೂ ಒಂದು ತೊಟ್ಟು ಬೀಳಲಿಲ್ಲ. ಮಾವ ತಲೆದೂಗಿದರು. ಬದರಿಗೆ ಹೋದ ಜೀವ ಬಂದ ಹಾಗಾಯಿತು. ಪೂಜೆಯಾಯಿತು, ಕುಂಬಳಕಾಯಿ ಒಡೆದದ್ದಾಯಿತು, ಚಕ್ರದಡಿಗೆ ನಿಂಬೆಹಣ್ಣೂ ಬಂತು.

"ಕೀ ಕೊಡೋಕ್ಮುಂಚೆ ದೇವ್ರಿಗೊಂದು ಕೈ ಮುಗ್ದು ಬರ್ತೀನಿ" ಎಂದು ಮಾವ ಒಳಗೆ ನಡೆದರು.

ಸ್ಪ್ಯಾನರ್ ಅಂದರೆ ಅಳತೆಯ ಕ್ರಮದಲ್ಲಿ ಕಾಣಬೇಕು ಅವರ ಕಣ್ಣಿಗೆ. ಕೈ ಮುಗಿದವರೇ ಒಂದು ಬೆರಳಿನಿಂದ ಹೂವು ಸರಿಸಿದರು. ಆರು-ಏಳು, ಎಂಟು-ಒಂಬತ್ತು, ಆಮೇಲೆ ಉಪ್ಪಿನಕಾಯಿ ಸೌಟು.

ಕೋಕಿಲಾ ಗಂಡನ ಮುಖ ನೋಡಿದಳು. ಗಂಡ ಸೊಂಟ ಒತ್ತಿಹಿಡಿದು ನೆಲ ನೋಡಿದ. ನಿಜ ಹೇಳಿದರೆ ಪೂಜೆಗಿಟ್ಟದ್ದನ್ನು ಕದ್ದ ಪಾಪ, ಜೊತೆಗೆ ಚೇಂಬರ್ ಒಡೆದದ್ದೂ ಹೊರಗೆ ಬರುತ್ತದೆ.

"ಕಳ್ದ್ಹೋಯ್ತು ಮಾವ" ಎಂದ.

"ನಾನ್ ಕೊಟ್ಟ ಸ್ಪ್ಯಾನರ್ ಕಳ್ದು, ದೇವ್ರಿಗೆ ಸೌಟು ತೋರ್ಸಿದೀರಿ" ಎಂದರು ಗಂಗಾಧರಯ್ಯ, ಸಿಟ್ಟಿಲ್ಲದೆ, ಬಲು ಬೇಸರದಿಂದ. "ಜನ್ಮದಲ್ಲಿ ಒಂದು ಬೋಲ್ಟ್ ತಿರುಗ್ಸಿಲ್ಲ ನೀವು. ಕಾರು ಸಂಕರ್ಷಣನಿಗೇ ಸರಿ."

ಒಬ್ಬಟ್ಟನ್ನೂ ಮುಟ್ಟದೆ ತಾವೇ ಹೋಗಿ ಸ್ಟೀರಿಂಗ್ ಹಿಡಿದರು. ಹೊರಡುವ ಮುಂಚೆ ಅಡಿಯಲ್ಲಿದ್ದ ಹಾಳೆ ಎತ್ತಿ ಬದರಿಯ ಕೈಗೆ ಕೊಟ್ಟರು.

"ಇಟ್ಕೊಳ್ಳಿ, ನೋಡಿ ಕಲೀರಿ. ಇಷ್ಟು ವರ್ಷ ಆಯ್ತು, ಒಂದು ತೊಟ್ಟು ಸೋರಿಲ್ಲ. ಆ ಚೇಂಬರ್ ಕೂರ್ಸಿದ್ದು ನಾನು."